ಸುಜಿತನ ಫೋನಿನಲ್ಲಿದ್ದ ನೋಣಯ

ಸರಕಾರವೇ ಜನರ ಅಂಗೈಗೆ ಬಂದಿದೆ ಎಂದು ಭಾಷಣ ಬಿಗಿಯುವವರು ಒಮ್ಮೆ ಸೌದಿಯ ಥುಕ್ಬಾದಲ್ಲಿರುವ ನೋಣಯನ ಅಂಗೈ ನೋಡಬೇಕು. ಇಪ್ಪತ್ತೆರಡು ವರ್ಷ ಲಾಂಡ್ರಿಯಲ್ಲಿ ಪರರ ಬಟ್ಟೆಗೆ ಇಸ್ತ್ರಿ ಹಾಕಿ ಜಡ್ಡುಗಟ್ಟಿದ ಕೈ. ಅದರಲ್ಲಿ ಫೋನಿದೆ, ಸರಕಾರ ಇಲ್ಲ. ಸರಕಾರ ಇರುವುದು ಸುಜಿತನ ಫೋನಿನಲ್ಲಿ.

ತಪ್ಪು ನೋಣಯನದೇ. ಊರಲ್ಲಿರುವ ಹೆಂಡತಿ ಸುಂದರಿಯ ಜೊತೆ ಅಗ್ಗದಲ್ಲಿ ಮಾತಾಡಲು ಎರಡು ತಿಂಗಳಿಗೊಮ್ಮೆ ಸಿಮ್ ಬದಲಿಸುವ ಆಸಾಮಿ. ಸರಕಾರದ ಆನ್‌ಲೈನ್ ಖಾತೆ ತೆರೆಯುವಾಗ, ಇಂಥ ನಂಬರು ಕೊಡುವುದು ಮರ್ಯಾದೆಯಲ್ಲವೆಂದು ತನ್ನ ಕೋಣೆಯವರಲ್ಲಿ ಡಿಪ್ಲೊಮಾ ಓದಿದ್ದ ಒಬ್ಬನೇ ಒಬ್ಬನಾದ ಸುಜಿತನ ನಂಬರು ಬರೆಸಿದ. ಊರಲ್ಲಿ ಅರ್ಜಿಗೆ ಮೇಷ್ಟ್ರ ಸಹಿ ಹಾಕಿಸಿದ ಹಾಗೆ.

ಈಗ ಹೋಟೆಲೊಂದರ ಲಾಂಡ್ರಿಗೆ ನೋಣಯ ಬೇಕಾಗಿದ್ದಾನೆ. ವೀಸಾ ಕೊಟ್ಟ ಧಣಿ, ಹಳೆಯ ಕಫೀಲನ ಕೈಯಿಂದ ಬಿಡುಗಡೆ. ಆದರೆ ಒಪ್ಪಿಗೆಯನ್ನು ಇಂದು ಸಂಜೆಯೊಳಗೆ ಆನ್‌ಲೈನಿನಲ್ಲೇ ಕೊಡಬೇಕು. ಒಟಿಪಿ ಬರುವುದು ಸುಜಿತನಿಗೆ. ಸುಜಿತ ಈಗ ರಾಸ್ ತನೂರಾದ ತೈಲ ಸ್ಥಾವರದಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಫೋನು ಗೇಟಿನ ಪೆಟ್ಟಿಗೆಯಲ್ಲಿ, ಮನುಷ್ಯ ಬೇಲಿಯ ಒಳಗೆ. ಹತ್ತು ಸಲ ಕರೆದರೂ ಪೆಟ್ಟಿಗೆ ಉತ್ತರಿಸಲಿಲ್ಲ.

ನೋಣಯ ಟ್ಯಾಕ್ಸಿ ಹಿಡಿದ. ಗೇಟಿನವನಿಗೆ ಕೈಮುಗಿದು, ಊಟದ ಹೊತ್ತಿಗೆ ಸುಜಿತನನ್ನು ಹೊರಗೆ, ಅವನ ಫೋನನ್ನು ಪೆಟ್ಟಿಗೆಯಿಂದ ಹೊರಗೆ ಕರೆಸಿದ. ಅತ್ತ ಥುಕ್ಬಾದಲ್ಲಿ ಅರ್ಜಿ ತುಂಬಿಸುವ ರಮೀಝ್ ಕಂಪ್ಯೂಟರಿನ ಮುಂದೆ ಕೂತಿದ್ದ. ಒಪ್ಪಿಗೆ ಒಬ್ಬನದು, ನಂಬರು ಇನ್ನೊಬ್ಬನದು, ಒತ್ತುವ ಬೆರಳು ಮತ್ತೊಬ್ಬನದು. ಇದಕ್ಕೆ ಸ್ವಯಂಸೇವೆ ಎಂದು ಹೆಸರು!

ಒಟಿಪಿ ಬಂತು. ಆಯುಸ್ಸು ಎರಡೇ ನಿಮಿಷ. ಆಗ ರಮೀಝ್ ಫೋನಿನಲ್ಲಿ ಹೇಳಿದ: "ನೋಣಯಣ್ಣ, ಕರಾರು ಓದಿ ಸ್ವಂತ ಮನಸ್ಸಿಂದ ಒಪ್ಪಿದ್ದೀರಾ ಅಂತ ಕೇಳ್ತಾ ಉಂಟು. ಹೌದು ಅಂತ ಒತ್ಲಾ?"

ಹಳೆಯ ಕಫೀಲ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ. ನೋಣಯ ಗೇಟಿನ ನೆರಳಲ್ಲಿ ನೆಟ್ಟಗೆ ನಿಂತ.

"ಓದದೆ ಹೌದು ಹೇಗೆ ಮಾರಾಯ? ಓದಿ ಹೇಳು."

"ಒಟಿಪಿ ಸಾಯ್ತದೆ, ನೋಣಯಣ್ಣ," ಎಂದ ಸುಜಿತ.

"ಸಾಯ್ಲಿ. ಇನ್ನೊಂದು ಹುಟ್ತದೆ."

ರಮೀಝ್ ಓದಿದ. ದಿನಕ್ಕೆ ಎಂಟು ಗಂಟೆ. ಅದನ್ನು ನೋಣಯ ಎರಡು ಸಲ ಓದಿಸಿದ. ಶುಕ್ರವಾರ ರಜೆ. ಅದನ್ನು ಮೂರು ಸಲ. ಅಷ್ಟರಲ್ಲಿ ಎರಡು ಒಟಿಪಿ ತೀರಿಕೊಂಡವು. ಸುಜಿತನ ಊಟದ ಹೊತ್ತೂ ಅವುಗಳ ಹಿಂದೆಯೇ ಹೋಗುತ್ತಿತ್ತು. ಮೂರನೆಯದು ಬಂದಾಗ ನೋಣಯ ಗಂಟಲು ಸರಿಮಾಡಿಕೊಂಡ.

"ಯಲ್ಲಾ, ಒತ್ತು."

ಅರೆಗಳಿಗೆಯಲ್ಲಿ ಸರಕಾರದ ಅಭಿನಂದನೆ ಬಂತು, ಸುಜಿತನ ಫೋನಿಗೆ. ನೋಣಯ ಅದನ್ನು ಇಸಿದುಕೊಂಡು, ತನಗೆ ಬಾರದ ಲಿಪಿಯನ್ನು ಕಣ್ತುಂಬ ನೋಡಿದ. ಗೇಟಿನವನು ಪೆಟ್ಟಿಗೆ ತೆರೆದು ಫೋನಿಗೆ ಕೈ ಚಾಚಿದ.