ಹಾದಿ ಬಿಟ್ಟ ಅಂಚೆಯವಳು

ಆರ್ಲಿಸ್ ಟ್ವೇಟ್ ಕೂತಲ್ಲಿ ಕೂರುವ ಹೆಂಗಸಲ್ಲ. ಹಣೆಬರಹ ನೋಡಿ, ಸಿಕ್ಕಿದ್ದು ಕೂತೇ ಮಾಡುವ ಕೆಲಸ. ಉತ್ತರ ಮಿನ್ನೆಸೋಟಾದ ಸೊರ್ಲಿ ಎಂಬ ಊರಿನ ಸುತ್ತ ಅರವತ್ತೆರಡು ಮೈಲಿ ಮಣ್ಣುರಸ್ತೆಯಲ್ಲಿ ಅವಳು ಇಪ್ಪತ್ತಾರು ವರ್ಷದಿಂದ ಟಪಾಲು ಹಂಚುತ್ತಿದ್ದಾಳೆ. ಅಂಚೆಯ ಕೆಲಸವೆಂದರೆ ನಿಜಕ್ಕೂ ಅಂಚಿನ ಕೆಲಸ. ಸ್ವಂತ ಹಳೇ ಕಾರಿನ ನಡುಮಧ್ಯೆ ಕುಂಡಿಯೂರಿ, ಎಡಗೈಯಲ್ಲಿ ಎಡಬದಿಯ ಸ್ಟೀರಿಂಗು, ಎಡಗಾಲಲ್ಲಿ ಬ್ರೇಕು ಹಿಡಿದು, ಬಲಗೈಯನ್ನು ಬಲಬದಿಯ ಕಿಟಕಿಯಿಂದ ಚಾಚಿ ರಸ್ತೆಯಂಚಿನ ಕಂಬದ ಪೆಟ್ಟಿಗೆಗಳಿಗೆ ಕಾಗದ ತುರುಕಬೇಕು. ಅರವತ್ತೊಂದರ ಸೊಂಟ ಎಂದೋ ರಾಜೀನಾಮೆ ಕೊಟ್ಟಿದೆ, ಅವಳು ಕೊಟ್ಟಿಲ್ಲ.

ಕೈಯಷ್ಟೇ ಉದ್ದವಾದ ನಾಲಗೆಯೂ ಅವಳಿಗಿತ್ತು. ಆ ನಾಲಗೆಯನ್ನು ಕಡಿದುಕೊಂಡದ್ದು ಒಂಬತ್ತು ವರ್ಷದ ಹಿಂದೆ. ರೂತ್ ಎಂಬ ಹೆಂಗಸು ಮನೆಯ ಪೆಟ್ಟಿಗೆ ಬೇಡವೆಂದು ಅಂಚೆ ಕಚೇರಿಯಲ್ಲೇ ತನಗೊಂದು ಖಾನೆ ಕೇಳಿಕೊಂಡಿದ್ದಳು. ಆರ್ಲಿಸ್ ಮರುದಿನ ರೂತ್‌ಳ ಗಂಡನಿಗೆ ನಗುನಗುತ್ತಾ, "ಏನಪ್ಪಾ, ನಿನ್ನ ಹೆಂಡ್ತಿ ಊರಲ್ಲೇ ಖಾನೆ ತಗೊಂಡ್ಳಂತೆ, ನನಗೊಂದು ಕಾಗದ ಕಮ್ಮಿ ಆಯ್ತು" ಎಂದಿದ್ದಳು. ಸಣ್ಣ ಊರಿನ ಸೌಜನ್ಯ ಅದು. ಹವಾಮಾನ ಹೇಳಿದ ಹಾಗೆ ಹೇಳಿದ್ದು. ಮರುವಾರ ರೂತ್ ಮುಂಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಚರ್ಚಿಗೆ ಬಂದಳು. ಮೆಟ್ಟಿಲ ಮೇಲೆ ಜಾರಿದೆ ಎಂದಳು. ಅವಳ ಮನೆಗೆ ಮೆಟ್ಟಿಲೇ ಇರಲಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಏನೂ ಕೇಳಲಿಲ್ಲ. ಕಾಫಿ ಬಗ್ಗಿಸಿ ಕೊಟ್ಟರು.

ಅಂದಿನಿಂದ ಆರ್ಲಿಸ್‌ಗೆ ಒಂದು ಬಗೆಯ ತುರಿಕೆ, ಕೆರೆಯಲು ಕೈಗೆ ಸಿಗದ ಜಾಗದಲ್ಲಿ.

ಈಗ ಆ ಅಕ್ಟೋಬರಿನ ಮಂಗಳವಾರಕ್ಕೆ ಬರೋಣ. ಬೆಳಗ್ಗೆ ಕಾಗದ ವಿಂಗಡಿಸುವಾಗ ಅವಳ ಕೈಗೆ ಹಳದಿ ಕಾರ್ಡೊಂದು ಬಂತು. ಕೌಂಟಿಯ, ಅಂದರೆ ಜಿಲ್ಲೆಯ, ನ್ಯಾಯಾಲಯದ್ದು. ಮೂಲೆಯಲ್ಲಿ ನಗುವ ಸೂರ್ಯ. ಕೆಳಗೆ, ಹಲ್ಲಿನ ಡಾಕ್ಟರು ಕಳಿಸುವ ನೆನಪೋಲೆಯಂತೆ: "ಪ್ರಿಯ ಕೊರಿನ್ ಹೌಗ್ರುಡ್, ನಿಮ್ಮ ರಕ್ಷಣಾ ಆದೇಶದ ಅರ್ಜಿಯ ವಿಚಾರಣೆ ಗುರುವಾರ ಹತ್ತು ಗಂಟೆಗೆ. ಮರೆಯದೆ ಬನ್ನಿ!"

ಲಕೋಟೆ ಇಲ್ಲ. ಕುರುಡನಿಗೂ ಕಾಣುವಂಥ ದಪ್ಪಕ್ಷರ. ರಕ್ಷಣಾ ಆದೇಶವೆಂದರೆ ಹೊಡೆಯುವ ಗಂಡನನ್ನು ದೂರವಿಡಿ ಎಂದು ಹೆಂಡತಿ ನ್ಯಾಯಾಲಯವನ್ನು ಕೇಳಿಕೊಳ್ಳುವ ಕಾಗದ.

ಹೌಗ್ರುಡ್ ಮನೆಯ ಟಪಾಲನ್ನು ಹನ್ನೆರಡು ವರ್ಷದಿಂದ ತೆಗೆದುಕೊಳ್ಳುತ್ತಿರುವವನು ಗಂಡ ಡೇಲ್. ಹನ್ನೊಂದೂ ಇಪ್ಪತ್ತಕ್ಕೆ ಸರಿಯಾಗಿ ಪೆಟ್ಟಿಗೆಯ ಪಕ್ಕ ನಿಂತಿರುತ್ತಾನೆ. ಕೊರಿನ್ ಪೆಟ್ಟಿಗೆ ಮುಟ್ಟಿದ್ದನ್ನು ಆರ್ಲಿಸ್ ಒಮ್ಮೆಯೂ ನೋಡಿಲ್ಲ. ಎಂಥ ಕಾಳಜಿಯ ಗಂಡ ಎಂದುಕೊಂಡಿದ್ದಳು ಇಷ್ಟು ದಿನ.

"ವರ್ನನ್, ಇದನ್ನ ಇಟ್ಕೊಳ್ಳೋಕಾಗಲ್ವಾ?" ಎಂದು ಪೋಸ್ಟ್‌ಮಾಸ್ಟರನ್ನು ಕೇಳಿದಳು.

ವರ್ನನ್ ಕನ್ನಡಕ ಮೇಲೇರಿಸಿ ಓದಿದ. "ಡೇಲಾ? ಏ, ಸುಮ್ನಿರು. ಚರ್ಚಿನ ಅಂಗಳದ ಹಿಮವೆಲ್ಲಾ ಅವನೇ ತೆಗೆಯೋದು. ಹೋದ ಚಳಿಗಾಲ ನಿನ್ನ ಕಾರನ್ನ ಹಳ್ಳದಿಂದ ಎಳೆದೋನೂ ಅವನೇ ಅಲ್ವೇನೇ?"

"ಎಳೆಯೋದು ಚೆನ್ನಾಗಿ ಗೊತ್ತು ಅನ್ನು."

"ನೋಡಮ್ಮಾ, ವಿಳಾಸ ಇದ್ದಲ್ಲಿಗೆ ಕಾಗದ ಹೋಗ್ಬೇಕು. ತಡೆದಿಟ್ರೆ ನಾನೂ ನೀನೂ ಜೈಲಲ್ಲಿ ಒಂದೇ ತಟ್ಟೇಲಿ ಉಣ್ಬೇಕಾಗುತ್ತೆ."

"ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ ಬಿಡು" ಎಂದು ಆರ್ಲಿಸ್ ಹೊರಟಳು.

ಹೊರಟದ್ದೇನೋ ಹೊರಟಳು, ಕಾರ್ಡು ಕಾಡತೊಡಗಿತು. ಪಕ್ಕದ ಟ್ರೇಯಲ್ಲಿ ಸೂರ್ಯ ಹಲ್ಲು ಕಿರಿಯುತ್ತಿದ್ದಾನೆ. ಒಂದು ಪೆಟ್ಟಿಗೆಗೆ ಇನ್ನೊಬ್ಬರ ಕಾಗದ ಹಾಕಿ, ಹಿಂದೆ ಬಂದು ತೆಗೆದಳು. ನಿಯಮ ಅವಳಿಗೆ ಬಾಯಿಪಾಠ: ತಡೆಯುವ ಹಾಗಿಲ್ಲ, ಎಸೆಯುವ ಹಾಗಿಲ್ಲ. ಆದರೆ ವಿಳಾಸದಾರರು ಎದುರಿಗೇ ಸಿಕ್ಕರೆ ಅವರ ಕೈಗೆ ಕೊಡಬಹುದು. ಕೊರಿನ್ ಸಿಗುವುದು ಶಾಲೆಯ ಅಡುಗೆಮನೆಯಲ್ಲಿ, ನಾಲ್ಕು ಮೈಲಿ ಹಿಂದೆ. ಹಾದಿ ಬಿಟ್ಟು ಹೋಗುವಂತಿಲ್ಲ ಎಂಬುದೂ ಅದೇ ನಿಯಮದ ತಮ್ಮ.

ಹೌಗ್ರುಡ್ ಮನೆಗೆ ಎರಡು ತಿರುವು ಇರುವಾಗ ಆರ್ಲಿಸ್ ಕಾರು ತಿರುಗಿಸಿದಳು.

ಅಡುಗೆಮನೆಯಲ್ಲಿ ಕೊರಿನ್ ಮುನ್ನೂರು ಮಕ್ಕಳಿಗಾಗುವ ಹಾಟ್‌ಡಿಶ್ ಎಂಬ ಆಲೂಗಡ್ಡೆಯ ಅಡುಗೆಯನ್ನು ಒಲೆಯಿಂದ ಇಳಿಸುತ್ತಿದ್ದಳು. ಕಾರ್ಡು ನೋಡಿದವಳೇ ಕೈಗವಸು ತೆಗೆಯುವುದನ್ನೂ ಮರೆತು ಒಲೆ ಪಕ್ಕದ ಗೋಡೆಗೊರಗಿದಳು.

"ಮನೆಗೆ ಏನೂ ಕಳಿಸಬೇಡಿ ಅಂದಿದ್ದೆ. ಕೋರ್ಟಿನ ಆ ಕಿಟಕಿಯಲ್ಲಿ ಬಾಯಿಬಿಟ್ಟು ಹೇಳಿದ್ದೆ, ಆರ್ಲಿಸ್."

"ಅವನಿಗೆ ಗೊತ್ತಾ?"

"ನಾಳೆ ಮಧ್ಯಾಹ್ನ ಪೊಲೀಸರು ಅವನ ಕೈಗೆ ನೋಟೀಸು ಕೊಡೋದು. ಅಷ್ಟ್ರಲ್ಲಿ ನಾನೂ ಮಗಳೂ ಅಕ್ಕನ ಊರಲ್ಲಿ ಇರ್ಬೇಕು ಅಂತ. ಇವತ್ತೇ ಗೊತ್ತಾಗಿದ್ರೆ..." ಸುಟ್ಟ ವಾಸನೆ ಬಂತು. ಕೈಗವಸಿನ ತುದಿ ಒಲೆಗೆ ತಾಗುತ್ತಿತ್ತು.

ಆರ್ಲಿಸ್ ಅದನ್ನು ಕಿತ್ತು ನೀರಿಗೆ ಹಾಕಿದಳು. "ನಾನು ನಿನ್ನ ನೋಡಿಲ್ಲ, ನೀನು ನನ್ನ ನೋಡಿಲ್ಲ" ಎಂದು ಹೇಳಿ, ಬಾಗಿಲಿಗೆ ಹೋಗಿ ಮತ್ತೆ ತಿರುಗಿ ಬಂದಳು. "ಇವತ್ತೇ ಹೊರಡೋಕಾಗಲ್ವಾ? ಶಾಲೆ ಬಿಟ್ಟ ತಕ್ಷಣ?"

ಕೊರಿನ್ ಕಾರ್ಡನ್ನು ಎರಡಾಗಿ, ನಾಲ್ಕಾಗಿ ಮಡಿಸಿದಳು. ಅದನ್ನು ಬೂಟಿನೊಳಗೆ ತುರುಕಿದಳು.

ಹನ್ನೊಂದೂ ನಲವತ್ತೈದಕ್ಕೆ ಡೇಲ್ ಪೆಟ್ಟಿಗೆಗೆ ಮೊಣಕೈ ಊರಿ ನಿಂತಿದ್ದ. ಅಚ್ಚುಕಟ್ಟಾದ ಮನುಷ್ಯ, ಅವನ ಬೂಟಿಗೆ ಕೆಸರೂ ಹೆದರುತ್ತದೆ.

"ಇಪ್ಪತ್ತೈದು ನಿಮಿಷ ಲೇಟು, ಆರ್ಲಿಸ್. ಹನ್ನೆರಡು ವರ್ಷದಲ್ಲಿ ಇದೇ ಮೊದಲು."

"ಲೆಕ್ಕ ಇಟ್ಟಿದೀಯ, ಸಂತೋಷ."

"ಕಾರು ಊರಿನ ಕಡೆ ತಿರುಗ್ತಂತೆ. ತಿರುವಿನ ಮನೆ ಲಾಯ್ಡ್ ಫೋನ್ ಮಾಡಿದ್ದ." ನಗುತ್ತಲೇ ಇದ್ದ. "ಎಲ್ಲಾದ್ರೂ ಅರ್ಜೆಂಟಿತ್ತಾ?"

ಹಳೆಯ ಆರ್ಲಿಸ್ ಆಗಿದ್ದರೆ ನಾಲಗೆ ಎಲ್ಲವನ್ನೂ ಉದುರಿಸಿಬಿಡುತ್ತಿತ್ತು. ಈಗಿನವಳು ಕಿಟಕಿಯಿಂದ ಮೈ ಹೊರಚಾಚಿದಳು. "ಹೊಟ್ಟೆ ಕೆಟ್ಟಿದೆ ಮಾರಾಯ. ಬೆಳಗ್ಗೆಯಿಂದ ನಾಲ್ಕು ಸಲ. ಹೇಗೆ ಆಯ್ತು ಅಂತ ವಿವರವಾಗಿ ಹೇಳ್ಲಾ?"

ಡೇಲ್ ಎರಡು ಹೆಜ್ಜೆ ಹಿಂದೆ ಸರಿದ. ಬೀಜದ ಕ್ಯಾಟಲಾಗನ್ನೂ ಕರೆಂಟಿನ ಬಿಲ್ಲನ್ನೂ ತುದಿಬೆರಳಲ್ಲಿ ಹಿಡಿದುಕೊಂಡ. "ಕೊರಿನ್‌ಗೆ ಏನೂ ಇಲ್ವಾ?"

"ಟ್ರೇಯಲ್ಲಿ ನಿಮ್ಮನೇದು ಅಷ್ಟೇ. ನೀನೇ ನೋಡು."

ಅವನು ನಿಜಕ್ಕೂ ಬಗ್ಗಿ ನೋಡಿದ.

ಟಪಾಲು ಮುಗಿಸಿದವಳೇ ಸೀದಾ ನ್ಯಾಯಾಲಯದ ಕಿಟಕಿಗೆ ಹೋದಳು. ಒಳಗೆ ಗುಮಾಸ್ತೆ ಬೆವರ್ಲಿ; ಇಬ್ಬರೂ ಚರ್ಚಿನಲ್ಲಿ ಅಕ್ಕಪಕ್ಕ ನಿಂತು ಹಾಡುವವರು. ವಿಷಯ ಕೇಳಿ ಬೆವರ್ಲಿಯ ಮುಖ ಕೆಂಪಾಯಿತು.

"ಆ ಕಾರ್ಡು ನನ್ನ ಐಡಿಯಾ ಕಣೇ! ಎಷ್ಟೊಂದು ಜನ ವಿಚಾರಣೆ ದಿನ ಮರ್ತೇ ಬಿಡ್ತಿದ್ರು. ಜಮೀನು ತಂಟೆ, ಟ್ರಾಫಿಕ್ ದಂಡ, ಎಲ್ಲಾದಕ್ಕೂ ಒಂದೇ ಕಾರ್ಡು. ಈಗ ಬರ್ತಿದಾರೆ. ಜಡ್ಜ್ ಹೊಗಳಿದಾರೆ. ಸೂರ್ಯನ್ನ ನಾನೇ ಬರ್ದಿದ್ದು."

"ಬಂದೋರು ಕಾಣಿಸ್ತಾರೆ, ಬೆವ್. ಈ ಅರ್ಜಿ ಕೊಟ್ಟು ಆಮೇಲೆ ಬರದೇ ಇದ್ದೋರು? ಅವರು ಯಾಕೆ ಬರಲಿಲ್ಲ ಅಂತ ಒಬ್ಬರನ್ನಾದ್ರೂ ಕೇಳಿದೀಯಾ?"

"ಮನಸು ಬದಲಾಯಿಸಿದ್ರೇನೋ ಅಂತ..." ಬೆವರ್ಲಿ ನಿಧಾನವಾಗಿ ಡ್ರಾಯರ್ ಎಳೆದು, ಹಿಂದಿನ ವರ್ಷದ ಫೈಲುಗಳನ್ನು ಮೇಜಿನ ಮೇಲೆ ಇಡತೊಡಗಿದಳು. ಅರ್ಜಿ ಕೊಟ್ಟು ಬಾರದವರ ಹನ್ನೊಂದು ಹೆಸರು. ಅಂದು ಸಂಜೆವರೆಗೂ ಓದುತ್ತ ಕೂತಳಂತೆ. ನಗುವ ಸೂರ್ಯನ ಕಟ್ಟನ್ನು ಮಾತ್ರ ಅಲ್ಲೇ ಕಸದ ಬುಟ್ಟಿಗೆ ಹಾಕಿದಳು.

ಕೊರಿನ್ ಆ ಮಂಗಳವಾರವೇ ಶಾಲೆಯಿಂದ ಮನೆಗೆ ಹೋಗದೆ ಮಗಳೊಂದಿಗೆ ಅಕ್ಕನ ಊರಿಗೆ ಹೊರಟಳು. ಗುರುವಾರ ಹತ್ತು ಗಂಟೆಗೆ ಆರ್ಲಿಸ್ ರಸ್ತೆಯಂಚಿನಲ್ಲಿ ಕಾರು ನಿಲ್ಲಿಸಿ, ಗಡಿಯಾರವನ್ನೇ ನೋಡುತ್ತ ಉಗುರು ಕಚ್ಚಿದಳು. ಆದೇಶ ಸಿಕ್ಕಿತು. ಡೇಲ್ ಮನೆ ಬಿಟ್ಟು ಅಣ್ಣನ ಊರಿಗೆ ಹೋಗಬೇಕಾಯಿತು.

ಕೌಂಟಿಯ ಅರ್ಜಿಯಲ್ಲಿ ಒಂದು ಹೊಸ ಸಾಲು ಸೇರಿಸಲು ಮೂರು ಸಭೆ ಬೇಕಾಯಿತು: ನಿಮಗೆ ಎಲ್ಲಿ, ಹೇಗೆ ಸುದ್ದಿ ಮುಟ್ಟಿಸಿದರೆ ಅಪಾಯವಿಲ್ಲ? ಒಂದು ಸಾಲಿಗೆ ಇಷ್ಟು ಗಲಾಟೆಯೇ ಎಂದು ಸದಸ್ಯನೊಬ್ಬ ಗೊಣಗಿದಾಗ, ಬೆವರ್ಲಿ ಎದ್ದು ನಿಂತು ಹನ್ನೊಂದು ಹೆಸರಿಗೂ ಫೋನ್ ಮಾಡಲು ಹೋದದ್ದನ್ನು ಹೇಳಿದಳು. ನಾಲ್ವರ ನಂಬರೇ ಇರಲಿಲ್ಲ. ಮೂವರು ಕಾರ್ಡು ತಮ್ಮ ಕೈಗೆ ಬರಲೇ ಇಲ್ಲ ಎಂದರು. ಉಳಿದವರು ಫೋನ್ ಇಟ್ಟುಬಿಟ್ಟರು. ಸಾಲು ಸೇರಿತು. ಆರ್ಲಿಸ್‌ಗೆ ಹಾದಿ ಬಿಟ್ಟದ್ದಕ್ಕೆ ಲಿಖಿತ ಎಚ್ಚರಿಕೆ ಬಂತು. ವರ್ನನ್ ಅದನ್ನು ಅವಳ ಕೈಗೇ ಕೊಟ್ಟ, ಲಕೋಟೆಯಲ್ಲಿಟ್ಟು ಅಂಟಿಸಿ.

ನವೆಂಬರಿನ ಒಂದು ಶನಿವಾರ ಹನ್ನೊಂದೂ ಇಪ್ಪತ್ತಕ್ಕೆ ಹೌಗ್ರುಡ್ ಪೆಟ್ಟಿಗೆಯ ಹತ್ತಿರ ಕೊರಿನ್ ನಿಂತಿದ್ದಳು. ಮುಚ್ಚಳ ಹಿಡಿದು ಜಗ್ಗುತ್ತಿದ್ದಳು.

"ಇದು ತೆಗೆಯೋದು ಹೇಗೆ ಆರ್ಲಿಸ್? ಹನ್ನೆರಡು ವರ್ಷದಿಂದ ಇದೇ ಮನೇಲಿದೀನಿ..."

"ಕೆಳಗಡೆ ಒಂದು ಗುದ್ದು ಹಾಕಿ ಎಳಿ. ಹಾಂ, ಜೋರಾಗಿ."

ಕೊರಿನ್ ಗುದ್ದಿದಳು. ಮುಚ್ಚಳ ಕಿರ್ರೆಂದು ಬಿತ್ತು. ಅವಳು ರಸ್ತೆಯ ಎರಡೂ ಕಡೆ ನೋಡಿ, ಕಾಗದ ಎದೆಗವಚಿಕೊಂಡು ಬೇಗಬೇಗ ಮನೆಯತ್ತ ನಡೆದಳು. ಆರ್ಲಿಸ್ ಮುಂದಿನ ಪೆಟ್ಟಿಗೆಗೆ ಹೋಗಲಿಲ್ಲ. ಕೊರಿನ್‌ಳ ಮನೆಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಬೀಳುವವರೆಗೂ ಎಂಜಿನ್ ಆರಿಸದೆ ಕನ್ನಡಿಯಲ್ಲಿ ರಸ್ತೆ ನೋಡುತ್ತ ಕೂತಿದ್ದಳು.