ನಾಲ್ಕನೇ ಜ್ವರದ ಸಂಜೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಶಿಡ್ಲಘಟ್ಟದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹುಣಸೆಮರದಲ್ಲಿ ದೆವ್ವ ಇದೆ ಎಂದು ಹೆದರಿದ ಮಕ್ಕಳನ್ನು ಅದೇ ಮರದ ಕೆಳಗೆ ಸಾಲಾಗಿ ಕೂರಿಸಿ ಬಿಸಿಯೂಟ ಮಾಡಿಸಿದ್ದೇನೆ. ಯಾರೋ ಮಾಟ ಮಾಡಿ ಬಾಗಿಲ ಮುಂದೆ ಕೆಂಪು ನೀರು ಚೆಲ್ಲಿದ್ದಾರೆ ಎಂದು ಓಡಿಬಂದವರಿಗೆ ಅರಿಶಿನಕ್ಕೆ ಸುಣ್ಣ ಬೆರೆಸಿ ತೋರಿಸಿ ವಾಪಸು ಕಳಿಸಿದ್ದೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥ ಕಥೆ ತೆಗೆದರೆ ನನ್ನ ಮುಖ ನೋಡಿ ಅರ್ಧಕ್ಕೇ ನುಂಗಿಕೊಳ್ಳುತ್ತಾರೆ. ಇದನ್ನು ಓದಿದರೆ ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆಂದು ಗೊತ್ತು. ನಗಲಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮದು ಮೇಲೂರಿನ ಹತ್ತಿರದ ಹಳ್ಳಿ, ರೇಷ್ಮೆ ಹುಳ ಮೇಯಿಸುವ ಮನೆ. ಮನೆಯಲ್ಲಿ ನಾನು, ನನ್ನ ಗಂಡ ಮುನಿರಾಜು, ನಮ್ಮ ಅತ್ತೆ. ಹುಳ ಮೇಯಿಸುವುದನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ರೇಷ್ಮೆ ಹುಳ ದೊಡ್ಡದಾಗುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲುಗಾಡದೆ ಕೂತುಬಿಡುತ್ತದೆ. ನಮ್ಮ ಕಡೆ ಇದನ್ನು ಜ್ವರ ಎನ್ನುತ್ತೇವೆ. ಮೊದಲೆರಡು ಜ್ವರ, ಮೊಟ್ಟೆಯೊಡೆಸಿ ಮರಿ ಸಾಕಿಕೊಡುವ ಚಾಕಿ ಕೇಂದ್ರದಲ್ಲೇ ಮುಗಿಸಿಕೊಂಡು ಹುಳ ನಮ್ಮ ಮನೆಗೆ ಬರುತ್ತದೆ, ಮೂರನೆಯದೂ ನಾಲ್ಕನೆಯದೂ ನಮ್ಮ ಹುಳದಮನೆಯಲ್ಲಿ. ಜ್ವರದಲ್ಲಿರುವ ಹುಳಕ್ಕೆ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಮೇಲೆ ಸುಣ್ಣದ ಪುಡಿ ಉದುರಿಸಿ ಬಾಗಿಲು ಎಳೆದುಕೊಂಡು ಬರಬೇಕು, ಅಷ್ಟೇ. ಅಲ್ಲಿಯವರೆಗೆ ಹೊತ್ತುಹೊತ್ತಿಗೆ ಸೊಪ್ಪು ಕೊಯ್ದು, ಹೊತ್ತು, ಹಾಸಿ ಸುಸ್ತಾದವರಿಗೆ ಆ ದಿನ ಇದ್ದಕ್ಕಿದ್ದಂತೆ ಕೈಗೆ ಕೆಲಸವಿರುವುದಿಲ್ಲ.

ನನ್ನ ಗಂಡ ಕುಡಿಯುವುದನ್ನು ಕಲಿತದ್ದೇ ಈ ಜ್ವರದ ದಿನಗಳಲ್ಲಿ. ಹುಳಕ್ಕೆ ಜ್ವರ ಬಂದರೆ ನಮ್ಮೂರಿನ ಗಂಡಸರಿಗೆ ಹಬ್ಬ. ಮೊದಮೊದಲು ನಾಲ್ಕನೇ ಜ್ವರಕ್ಕೆ ಮಾತ್ರ ಗೆಳೆಯರ ಜೊತೆ ಒಂದು ಕ್ವಾರ್ಟರ್. ಆಮೇಲೆ ಹುಳ ಪೊರೆ ಬಿಟ್ಟು ಜ್ವರ ಎದ್ದ ಖುಷಿಗೆ, ಗೂಡಿಗೆ ಒಳ್ಳೆ ರೇಟು ಸಿಕ್ಕಿದ ದಿನ, ರೇಟು ಬಿದ್ದ ದಿನ. ಕೊನೆಗೆ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮುಂಚೆ ಬೇಕು ಎನ್ನುವಲ್ಲಿಗೆ ಬಂದು ನಿಂತಿತು. ಹುಳಕ್ಕೆ ವಾಸನೆ ಆಗಿಬರುವುದಿಲ್ಲ. ಬೀಡಿ ಸೇದಿದವರು, ಸೆಂಟು ಹಾಕಿಕೊಂಡವರು, ಕುಡಿದವರು ಹುಳದಮನೆಯ ಹೊಸ್ತಿಲು ದಾಟುವಂತಿಲ್ಲ. ಅತ್ತೆ ಪೊರಕೆ ಹಿಡಿದು ಬಾಗಿಲಲ್ಲಿ ನಿಂತು, "ನಿನ್ನ ಗಬ್ಬುನಾತಕ್ಕೆ ನನ್ನ ಹುಳ ಸಾಯ್ತವೆ, ಹೋಗೋ ಆಚೆಗೆ" ಎಂದು ಹೆತ್ತ ಮಗನನ್ನು ಅಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ತಮ್ಮ ಕಸುಬಿಗೇ ನನ್ನ ಗಂಡ ಹೊರಗಿನವರಾಗಿಬಿಟ್ಟಿದ್ದರು.

ಐದಾರು ವರ್ಷದ ಹಿಂದೆ, ಒಂದು ಬೇಸಿಗೆಯಲ್ಲಿ ಅವರು ರಕ್ತ ಕಾರಿಕೊಂಡರು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದೆವು. ಲಿವರ್ ಇನ್ನೊಂದು ಸಲ ತಡೆಯುವುದಿಲ್ಲ, ಮತ್ತೆ ಶುರುಮಾಡಿದರೆ ನಮ್ಮ ಹತ್ತಿರ ಕರೆದುಕೊಂಡು ಬರುವ ತೊಂದರೆಯೂ ನಿಮಗಿರುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಕುಡಿತವನ್ನು ಒಮ್ಮೆಗೇ ನಿಲ್ಲಿಸಿದಾಗ ಜೀವಕ್ಕೇ ಅಪಾಯ ಆಗಬಹುದು, ಮನೆಯಲ್ಲಿ ನೀವೇ ಬಿಡಿಸಲು ಹೋಗಬೇಡಿ ಎಂದು ವಾರ್ಡಿನಲ್ಲೇ ಇಟ್ಟುಕೊಂಡು ಔಷಧಿ ಕೊಟ್ಟರು. ಮೊದಲ ದಿನಗಳಲ್ಲಿ ಅವರ ಕೈ ನೀರಿನ ಲೋಟ ಹಿಡಿಯಲಾರದಷ್ಟು ನಡುಗುತ್ತಿತ್ತು. ಹೊದಿಕೆಯ ಮೇಲೆ ಇಲ್ಲದ ಇರುವೆಗಳನ್ನು ಕೊಡವುತ್ತಿದ್ದರು. ಯಾರೋ ಕೂಗುತ್ತಿದ್ದಾರೆಂದು ಏಳುತ್ತಿದ್ದರು. ಇಲ್ಲದ್ದು ಕಾಣಿಸುವುದು, ಕೇಳಿಸುವುದು ಆ ಕಾಯಿಲೆಯದೇ ಒಂದು ಭಾಗ, ಆಮೇಲೆ ಹೋಗುತ್ತದೆ ಎಂದು ನರ್ಸ್ ಹೇಳಿದ್ದರು. ಹೋಯಿತು ಕೂಡ.

ಅಲ್ಲಿಯ ಕೌನ್ಸೆಲರ್ ಮೇಡಂ ಒಂದು ದಿನ ನನ್ನನ್ನು ಬೇರೆ ಕೂರಿಸಿಕೊಂಡು ಮಾತಾಡಿದರು. ಇದು ಬಿಪಿ, ಶುಗರ್ ಇದ್ದ ಹಾಗೆ ಒಂದು ಕಾಯಿಲೆ, ಬೈದರೆ ಹೋಗುವುದಿಲ್ಲ, ದೇವರ ಮುಂದೆ ಆಣೆ ಮಾಡಿಸಿದರೂ ಹೋಗುವುದಿಲ್ಲ ಎಂದರು. ಆಸೆ ಬರುತ್ತದೆ, ಏರುತ್ತದೆ, ತನ್ನಷ್ಟಕ್ಕೆ ಇಳಿಯುತ್ತದೆ. ಅದು ಏರಿದ ಹೊತ್ತನ್ನು ಹೇಗಾದರೂ ದಾಟಿಸಿಬಿಟ್ಟರೆ ಅವತ್ತಿನ ಮಟ್ಟಿಗೆ ಗೆದ್ದ ಹಾಗೆ ಎಂದರು. ಕೊನೆಗೆ, "ನೀವು ಮುಚ್ಚಿಡೋದನ್ನ ನಿಲ್ಸಿ ಟೀಚರ್. ನೀವು ಮುಚ್ಚಿಟ್ಟಷ್ಟೂ ಅವರಿಗೆ ಕುಡಿಯೋಕೆ ಸಲೀಸು" ಎಂದರು. ನಾನು ಊರಿಗೆಲ್ಲ ಕಾಮಾಲೆ ಎಂದು ಹೇಳಿಟ್ಟಿದ್ದೆ. ಆವತ್ತು ಸಂಜೆಯೇ ಬಂಧುಗಳಿಗೆಲ್ಲ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ನಾನು ಹುಟ್ಟಾ ಹಠಮಾರಿ, ಆದರೆ ಅಲ್ಲಿಯವರೆಗೆ ನನ್ನ ಹಠವೆಲ್ಲ ಅವರ ಮೇಲೆ ಖರ್ಚಾಗುತ್ತಿತ್ತು. ಆವತ್ತಿನಿಂದ ಅದನ್ನು ಆ ಕಾಯಿಲೆಯ ಮೇಲೆ ತಿರುಗಿಸಿದೆ. ಈ ಮನುಷ್ಯನನ್ನು ಬಿಟ್ಟುಕೊಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ.

ಅವರೂ ಗಟ್ಟಿಯಾಗಿಯೇ ಇದ್ದರು. ಮಾತ್ರೆ ತಪ್ಪಿಸುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಒಂದು ರೇಷ್ಮೆ ಬೆಳೆ ಇಡೋಣ, ಸುಮ್ಮನೆ ಕೂತರೆ ಆಗುವುದಿಲ್ಲ ಎಂದು ಅವರೇ ಹೇಳಿದರು. ಮೈ ಇನ್ನೂ ಸೋತಿತ್ತು, ಅದಕ್ಕೆ ಯಾವಾಗಲೂ ಸಾಕುವುದಕ್ಕಿಂತ ಕಡಿಮೆ ಹುಳ ತಂದೆವು. ಮೊದಲ ದಿನ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು ಹುಳದಮನೆಯ ಬಾಗಿಲಿಗೆ ಬಂದ ಮಗನ ಬಾಯನ್ನು ಅತ್ತೆ ಮೂಸಿ ನೋಡಿದರು. ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನನ್ನ ಗಂಡ ಒಳಗೆ ಹೋಗಿ ಎಷ್ಟೋ ಹೊತ್ತು ಹುಳಗಳನ್ನು ನೋಡುತ್ತ ನಿಂತಿದ್ದರು.

ಮೂರನೇ ಜ್ವರದ ದಿನ ಆಸ್ಪತ್ರೆಗೆ ತೋರಿಸಲು ಹೋಗಬೇಕಿತ್ತು, ಹಾಗಾಗಿ ಅದು ಗೊತ್ತಾಗದೆ ಕಳೆಯಿತು. ನನಗೆ ಹೆದರಿಕೆ ಇದ್ದದ್ದು ನಾಲ್ಕನೆಯದರದ್ದು. ಅದು ಒಂದು ಭಾನುವಾರ ಬಿತ್ತು. ಅತ್ತೆ ಹಿಂದಿನ ದಿನವೇ ಪೆರೇಸಂದ್ರದ ಮಗಳ ಮನೆಗೆ ಹೋಗಿದ್ದರು. ಬೆಳಿಗ್ಗೆ ಹುಳವೆಲ್ಲ ತಲೆ ಎತ್ತಿ ಕೂತಿತ್ತು. ಮುನಿರಾಜು ಅಂಗಳ ಗುಡಿಸಿದರು, ಬೈಕು ತೊಳೆದರು, ಒಡೆದ ಕುಕ್ಕೆ ಕಟ್ಟಿದರು. ಜ್ವರ ಎದ್ದ ಮೇಲೆ ಬೇಕಾಗುತ್ತದೆಂದು ಒಂದಿಷ್ಟು ಸೊಪ್ಪು ಕೊಯ್ದು ತಂದು ಒದ್ದೆ ಗೋಣಿಚೀಲದ ಕೆಳಗೆ ಇಟ್ಟರು. ಮಧ್ಯಾಹ್ನ ಉಣ್ಣಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅಂಗಿ ಹಾಕಿಕೊಂಡು ಬಂದು, ನನ್ನ ಮುಖ ನೋಡದೆ, "ಮೇಲೂರಿಗೆ ಹೋಗ್ಬರ್ತೀನಿ, ಸುಣ್ಣ ತರ್ಬೇಕು" ಎಂದರು.

ಸುಣ್ಣದ ಮೂಟೆ ಅವರ ಕಾಲ ಬಳಿಯೇ ಇತ್ತು.

ಮೇಡಂ ಹೇಳಿದ್ದೆಲ್ಲ ಆ ಗಳಿಗೆಯಲ್ಲಿ ತಲೆಯಿಂದ ಹಾರಿಹೋಯಿತು. ಬೈಯಬಾರದೆಂದು ಮಾತ್ರ ನೆನಪಿತ್ತು, ಬೈಯದೆ ಇನ್ನೇನು ಮಾಡುವುದೆಂದು ತಿಳಿಯಲಿಲ್ಲ. ಕಾಲಿಗೆ ಬೀಳಲೇ, ಬೈಕಿನ ಬೀಗ ಕಿತ್ತುಕೊಳ್ಳಲೇ? ಅದೆಲ್ಲ ಹಿಂದೆ ಮಾಡಿ ನೋಡಿದ್ದೇ. ಅಳು ಬಂತು. ಅವರೆದುರು ಅಳಬಾರದೆಂದು ಹುಳದಮನೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ.

ಆಗ ಆ ಸದ್ದು ಕೇಳಿಸಿತು. ಹುಳ ಸೊಪ್ಪು ತಿನ್ನುವ ಸದ್ದು. ರೇಷ್ಮೆ ಮನೆಗೆ ಸೊಸೆಯಾಗಿ ಬಂದವಳಿಗೆ ಅದು ಗುರುತು ಸಿಗದಿರಲು ಸಾಧ್ಯವೇ ಇಲ್ಲ. ಒಣಗಿದ ಅವರೆ ಸಿಪ್ಪೆಯ ಮೇಲೆ ಯಾರೋ ಮೆಲ್ಲಗೆ ಓಡಾಡಿದ ಹಾಗೆ, ಬಿಡುವಿಲ್ಲದ ಸೊರಸೊರ. ಜ್ವರದಲ್ಲಿರುವ ಹುಳ ತಿನ್ನುವುದಿಲ್ಲ. ತಿನ್ನಲು ಅಲ್ಲಿ ಒಂದೆಲೆ ಹಸಿ ಸೊಪ್ಪೂ ಇರಲಿಲ್ಲ. ಅಳು ನಿಂತುಹೋಯಿತು. ಹುಳ ಹರಡಿದ್ದ ಒಂದೊಂದೇ ಸ್ಟ್ಯಾಂಡಿನ ಹತ್ತಿರ ಹೋಗಿ ಬಗ್ಗಿ ನೋಡಿದೆ. ಸುಣ್ಣದ ಪುಡಿ ಮೈಮೇಲೆ ಹೊದ್ದು, ತಲೆ ಎತ್ತಿ, ಎಲ್ಲ ಹುಳಗಳೂ ಕಲ್ಲಾಗಿ ಕೂತಿದ್ದವು. ಸದ್ದು ಬರುತ್ತಿದ್ದದ್ದು ಪಡುವಣ ಗೋಡೆಯ ಪಕ್ಕದ ಕೊನೆಯ ಸ್ಟ್ಯಾಂಡಿನಿಂದ. ಅದರಲ್ಲಿ ಹುಳವೇ ಇರಲಿಲ್ಲ. ಜ್ವರ ಎದ್ದ ಹುಳವನ್ನು ಬಿಡಿಬಿಡಿಯಾಗಿ ಹರಡಲು ಜಾಗ ಬೇಕಾಗುತ್ತದೆಂದು ಬ್ಲೀಚಿಂಗ್ ಹಾಕಿ ತೊಳೆದು, ಹಳೇ ಪೇಪರ್ ಹಾಸಿ ಖಾಲಿ ಬಿಟ್ಟಿದ್ದೆವು. ಪೇಪರಿನ ಮೇಲೆ ಕೈ ಇಟ್ಟೆ. ಏನೂ ಇಲ್ಲ. ಕಿವಿ ಹತ್ತಿರ ತಂದರೆ ಸದ್ದು ಇನ್ನೂ ಜೋರು.

ಹೊರಗೆ ಬೈಕು ಸ್ಟಾರ್ಟ್ ಆಯಿತು.

"ರೀ, ಒಂದ್ನಿಮಿಷ ಬನ್ನಿ ಇಲ್ಲಿ! ಹುಳ ತಿಂತಾ ಇದಾವೆ" ಎಂದು ಕೂಗಿದೆ. ಅವರನ್ನು ತಡೆಯಬೇಕೆಂದು ಕೂಗಿದ್ದಲ್ಲ, ಸತ್ಯವಾಗಿ ಹೇಳುತ್ತೇನೆ. ಹೆದರಿ ಕೂಗಿದ್ದು. ಬೈಕು ಆರಿತು. ಬಾಗಿಲ ಹೊರಗೆ ಕಾಲು ತೊಳೆಯುವ ನೀರಿನ ಸದ್ದು ಬಂತು. ಕುಡಿಯಲು ಹೊರಟವರು ಆಗಲೂ ಹುಳದಮನೆಯ ಶಿಸ್ತು ಮರೆಯಲಿಲ್ಲವಲ್ಲ ಎಂದು ಈಗ ನೆನೆಸಿಕೊಂಡರೆ ನಗು ಬರುತ್ತದೆ. ಒಳಗೆ ಬಂದವರಿಗೆ ಖಾಲಿ ಸ್ಟ್ಯಾಂಡು ತೋರಿಸಿದೆ. "ಕೇಳಿಸ್ತಾ ಇದೆಯಾ?" ಎಂದೆ.

ಅವರು ಸ್ಟ್ಯಾಂಡು ನೋಡಿದರು, ನನ್ನ ಮುಖ ನೋಡಿದರು. ಬೈಕಿನ ಬೀಗ ಜೇಬಿಗೆ ಹಾಕಿಕೊಂಡು, "ಹೂಂ, ಕೇಳಿಸ್ತೈತೆ" ಎಂದರು. ಆಮೇಲೆ ಮೆತ್ತಗೆ, "ಹಸ್ದಿರ್ಬೇಕು ಕಣೇ. ಇರು, ಸೊಪ್ಪು ಹಾಕಣ" ಎಂದು ಹೊರಗೆ ಹೋಗಿ ಗೋಣಿಚೀಲದ ಕೆಳಗಿನ ಸೊಪ್ಪು ತಂದು ಆ ಖಾಲಿ ಪೇಪರಿನ ಮೇಲೆ ನೀಟಾಗಿ ಹಾಸಿದರು. ಕುಕ್ಕೆ ಬೋರಲು ಹಾಕಿಕೊಂಡು ಎದುರಿಗೇ ಕೂತರು. ನಾನೂ ನೆಲದ ಮೇಲೆ ಕೂತೆ. ಸದ್ದು ನಡೆದೇ ಇತ್ತು. ನಡುನಡುವೆ ಇನ್ನೂ ಕೇಳಿಸ್ತಾ ಎನ್ನುತ್ತಿದ್ದೆ, ಹೂಂ ಎನ್ನುತ್ತಿದ್ದರು. ಅವರು ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದರು, ಆದರೂ ಕೂತಲ್ಲಿಂದ ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸದ್ದು ಕಡಿಮೆಯಾಗುತ್ತ ಬಂದು ನಿಂತಿತು. ಅವರು ಉಸಿರು ಬಿಟ್ಟು, "ಇಳೀತು ಕಣೇ. ಹೊಟ್ಟೆ ಹಸೀತೈತೆ, ಏನಾದ್ರೂ ಇಕ್ಕು" ಎಂದರು. ಇಳಿದದ್ದು ಯಾವುದೆಂದು ನಾನು ಕೇಳಲಿಲ್ಲ. ಮುದ್ದೆಗೆ ನೀರಿಟ್ಟೆ.

ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೋಗಿ ನೋಡಿದೆವು. ಖಾಲಿ ಸ್ಟ್ಯಾಂಡಿನ ಸೊಪ್ಪೆಲ್ಲ ಮೇದುಹೋಗಿತ್ತು. ಕಡ್ಡಿ ಮತ್ತು ಎಲೆಯ ನರ ಮಾತ್ರ ಉಳಿದಿತ್ತು, ಹುಳ ತಿಂದರೆ ಹೇಗೆ ಉಳಿಯುತ್ತದೋ ಹಾಗೆಯೇ. ಆದರೆ ಪೇಪರಿನ ಮೇಲೆ ಒಂದು ಹಿಕ್ಕೆ ಕೂಡ ಬಿದ್ದಿರಲಿಲ್ಲ. ಮಿಕ್ಕ ಸ್ಟ್ಯಾಂಡಿನ ಹುಳಗಳು ಇನ್ನೂ ಜ್ವರದಲ್ಲೇ ಇದ್ದವು. ಹುಳಕ್ಕೆ ಕಾಟ ಕೊಡುವ ಊಜಿ ನೊಣ ಬಾರದ ಹಾಗೆ ಕಿಟಕಿಗಳಿಗೆಲ್ಲ ಕಟ್ಟಿದ್ದ ಬಲೆ ಎಲ್ಲೂ ಹರಿದಿರಲಿಲ್ಲ. ಊರಿಂದ ಬಂದ ಅತ್ತೆಗೆ ಹೇಳಿದೆ. ದೇವರು ದಿಂಡರು ಎಂದು ಏನಾದರೂ ಹೇಳುತ್ತಾರೆ, ಆಗ ವಾದ ಮಾಡಿಯಾದರೂ ಸಮಾಧಾನ ಪಡೋಣ ಎಂದುಕೊಂಡಿದ್ದೆ. ಅವರು ಕಡ್ಡಿಗಳನ್ನು ಒಟ್ಟು ಮಾಡಿ ತಿಪ್ಪೆಗೆ ಎಸೆದು, "ಇಲಿ ಕಣಮ್ಮಾ" ಎಂದುಬಿಟ್ಟರು. ಇಲಿ ಬಂದಿದ್ದರೆ ಹುಳವನ್ನು ತಿನ್ನುತ್ತಿತ್ತೇ ಹೊರತು ಸೊಪ್ಪನ್ನಲ್ಲ. ಅದು ಅವರಿಗೂ ಗೊತ್ತು.

ಆ ಬೆಳೆ ಚೆನ್ನಾಗಿ ಬಂತು. ಅದಾದ ಮೇಲೆ ಎಷ್ಟೋ ಬೆಳೆ ಬಂದವು, ಮುನಿರಾಜು ಒಂದು ತೊಟ್ಟೂ ಮುಟ್ಟಿಲ್ಲ. ಸುಲಭವಾಗಿತ್ತು ಎಂದು ಹೇಳಲಾರೆ. ಮದುವೆ ಮನೆಗಳಿಂದ ಊಟ ಬಿಟ್ಟು ಎದ್ದು ಬಂದಿದ್ದೇವೆ. ಚಿಕ್ಕಬಳ್ಳಾಪುರದಲ್ಲಿ ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುವ ಸಭೆಗೆ ತಪ್ಪದೆ ಹೋಗುತ್ತಾರೆ. ನಾನು ಮಾತ್ರ ನನ್ನ ಪ್ರಯೋಗ ಬಿಡಲಿಲ್ಲ. ಮುಂದಿನ ಬೆಳೆಗಳ ನಾಲ್ಕನೇ ಜ್ವರದಲ್ಲಿ ಖಾಲಿ ಸ್ಟ್ಯಾಂಡಿಗೆ ಸೊಪ್ಪು ಹಾಸಿಟ್ಟು ನೋಡಿದೆ. ಪ್ರತಿ ಸಲವೂ ಬಾಡಿ ಸುರುಟಿಕೊಂಡಿತು, ಅಷ್ಟೇ. ದಣಿದ ಮನಸ್ಸಿನ ಭ್ರಮೆ ಎಂದುಕೊಳ್ಳೋಣವೆಂದರೆ ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಒಬ್ಬರಿಗೆ ಭ್ರಮೆಯಾಗಬಹುದು, ಇಬ್ಬರಿಗೂ ಒಂದೇ ಸಲಕ್ಕೆ, ಒಂದೇ ಜಾಗದಿಂದ ಕೇಳಿಸುವುದೆಂದರೇನು? ಇದೊಂದು ನನ್ನ ಗಟ್ಟಿ ಸಾಕ್ಷಿಯಾಗಿತ್ತು.

ಹೋದ ವರ್ಷ ಒಂದು ದಿನ ಆ ಸಭೆಗೆ ನಾನೂ ಹೋಗಿದ್ದೆ. ಹೊಸದಾಗಿ ಬಂದವರಿಗೆ ಇವರು ತಮ್ಮ ಕಥೆ ಹೇಳಿದರು. ಆಸ್ಪತ್ರೆ, ಮಾತ್ರೆ, ಮೇಡಂ, ನಾನು, ಅತ್ತೆಯ ಪೊರಕೆ ಎಲ್ಲ ಬಂತು, ಆ ಸಂಜೆ ಬರಲಿಲ್ಲ. ವಾಪಸು ಬರುವಾಗ ಬೈಕಿನ ಹಿಂದೆ ಕೂತು, ಆ ಸದ್ದಿನ ವಿಷಯ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಅವರು ಬೈಕು ಪಕ್ಕಕ್ಕೆ ತೆಗೆದು ನಿಲ್ಲಿಸಿದರು. "ನಂಗೆ ಏನೂ ಕೇಳಿಸ್ಲಿಲ್ಲ ಕಣೇ" ಎಂದರು.

ನಾನು ಬೈಕಿನಿಂದ ಇಳಿದು ಅವರ ಎದುರಿಗೆ ಬಂದು ನಿಂತೆ.

"ನೀನು ಖಾಲಿ ಸ್ಟ್ಯಾಂಡ್ ಮುಂದೆ ನಿಂತ್ಕೊಂಡು ಕೇಳಿಸ್ತಾ ಅಂದೆ. ವಾರ್ಡಲ್ಲಿ ನಂಗಾದಂಗೆ ಇವ್ಳಿಗೂ ಆಗೋಯ್ತಾ ಅಂದ್ಕೊಂಡೆ. ನನ್ನ ಕಾಟ ತಡ್ದೂ ತಡ್ದೂ ತಲೆ ಕೆಟ್ಟೋಯ್ತು, ನಾನೇ ಇವಳ್ನ ಹಾಳ್ಮಾಡ್ದೆ ಅಂತ ಭಯ ಆಗೋಯ್ತು. ಹಂಗೆ ಬಿಟ್ಟು ಹೋಗಕ್ಕೆ ಕಾಲೇ ಬರ್ಲಿಲ್ಲ."

"ಮತ್ತೆ ಹೂಂ ಅಂದ್ರಲ್ಲ?"

"ಅದು ಸುಳ್ಳು. ನಿಂಗೆ ನಾನು ಹೇಳಿದ ಕೊನೇ ಸುಳ್ಳು ಅದೇ."

ಹಾಗಾದರೆ ಆ ಸೊಪ್ಪು ತಿಂದವರು ಯಾರು ಎಂದೆ. ಅದು ತಮಗೂ ಗೊತ್ತಿಲ್ಲ ಎಂದರು. ನೀವೇ ಕಿತ್ತು ಹಾಕಿದಿರಾ ಎಂದು ಜೋರು ಮಾಡಿ ಕೇಳಿದೆ, "ನಾನಂತೂ ಮೇಯ್ಲಿಲ್ಲಮ್ಮಾ" ಎಂದು ನಕ್ಕರು. ಕಣ್ಣು ನೋಡಿದೆ. ಇಪ್ಪತ್ತು ವರ್ಷ ಆ ಕಣ್ಣುಗಳಲ್ಲಿ ಸುಳ್ಳು ಹುಡುಕಿ ಪಳಗಿದವಳು ನಾನು. ಅಲ್ಲಿ ಸುಳ್ಳಿರಲಿಲ್ಲ.

ಹೀಗೆ ನನಗಿದ್ದ ಒಂದೇ ಸಾಕ್ಷಿಯೂ ಕೈಬಿಟ್ಟಿತು. ಜನ್ಮದಲ್ಲಿ ಒಂದು ತೊಟ್ಟು ಕುಡಿಯದ, ದೆವ್ವ ಪಿಶಾಚಿ ಎಂದವರ ಬಾಯಿ ಮುಚ್ಚಿಸುವ ನನಗೇ, ನನಗೊಬ್ಬಳಿಗೇ, ಆ ಸಂಜೆ ಅದು ಕೇಳಿಸಿತ್ತು. ಯಾಕೆ, ಎಲ್ಲಿಂದ, ಏನದು, ಯಾವ ಪಾಠಪುಸ್ತಕವೂ ನನಗೆ ಹೇಳಿಕೊಟ್ಟಿಲ್ಲ. ಬೈಕು ಮತ್ತೆ ಹೊರಟಿತು. ಅವರ ಬೆನ್ನಿಗೆ ಹಣೆ ಒತ್ತಿಕೊಂಡು ಊರು ಬರುವವರೆಗೂ ಅಳುತ್ತಲೇ ಬಂದೆ, ಅವರು ಯಾಕೆಂದು ಕೇಳಲಿಲ್ಲ.