ಕೈಗೆ ಕೇಳಿ ಕೊಂಡ ಕಲ್ಲು

ಮೂಡಲಗಿಯ ಕಲ್ಲಿನಂಗಡಿಯ ಕಾಕಾ ಯಾರು ಹೋದರೂ ಒಂದೇ ಮಾತು ಹೇಳುತ್ತಿದ್ದರು: “ಕಣ್ಣಿಗೆ ಕೇಳಬ್ಯಾಡ್ರಿ, ಕೈಗೆ ಕೇಳ್ರಿ.”

ಅಡುಗೆಕಟ್ಟೆಗೆ ಬಿಳಿ ಮಾರ್ಬಲ್ಲೇ ಬೇಕೆಂದು ನಾನು, ಕರಿ ಗ್ರಾನೈಟೇ ಆಗಬೇಕೆಂದು ಅವ್ವ. ಅಂಗಡಿಯಲ್ಲೇ ಮುಖ ತಿರುಗಿಸಿ ನಿಂತೆವು. ಕಾಕಾ ಗಡ್ಡ ನೀವಿಕೊಂಡು ಒಳಗೆ ಹೋಗಿ, ನಾದಿದ ಜೋಳದ ಹಿಟ್ಟು ತಂದರು.

“ನಿಮ್ಮ ನಿಮ್ಮ ಕಲ್ಲಿನ ಮ್ಯಾಲ ಒಂದೊಂದು ರೊಟ್ಟಿ ಬಡೀರಿ!”

ಅವ್ವನ ರೊಟ್ಟಿ ಪಟಪಟನೆ ತಿರುಗುತ್ತ ತಟ್ಟೆಯಗಲವಾಯಿತು. ನನ್ನದು ಮೂರು ಕಡೆ ಹರಿಯಿತು. ನೆಲಕ್ಕೆ ಹಾಸುವ ಫರಸಿ ನೋಡಲು ಬಂದಿದ್ದ ಹುಕ್ಕೇರಿಯ ಹೆಂಗಸರು ನಕ್ಕು ನಕ್ಕು, ಸೆರಗು ಸಿಕ್ಕಿಸಿ ತಾವೂ ಬಡಿಯತೊಡಗಿದರು. ಕಾಕಾ ಚಹದ ಒಲೆಯ ಮೇಲೆ ಹಂಚು ಇಟ್ಟು ರೊಟ್ಟಿ ಬೇಯಿಸಿದರು. ಎಲ್ಲರೂ ಶೇಂಗಾ ಚಟ್ನಿಯೊಂದಿಗೆ ತಿಂದೆವು. ಯಾವ ಕಲ್ಲು ಬೇಕೆಂದು ಹೇಳುವುದನ್ನೇ ಮರೆತು ನಾನೂ ಅವ್ವನೂ ಮನೆಗೆ ಬಂದೆವು.

ಮರುದಿನ ಟೆಂಪೋದಲ್ಲಿ ಕರಿ ಕಲ್ಲು ಬಂತು. ಅದರ ಮೇಲೆ ಅವ್ವನ ಐದೂ ಬೆರಳಿನ ಹಿಟ್ಟಿನ ಗುರುತು ಹಾಗೇ ಇತ್ತು.